ಸೊಸೆಯ ಪಕ್ಕದ ಕುರ್ಚಿ

ಮೊಮ್ಮಗಳು ಹನ್ನೆರಡನೆಯ ಇಯತ್ತೆ ಮುಗಿಸುತ್ತಾಳೆಂಬ ಸುದ್ದಿಯನ್ನು ಆ ವರ್ಷ ನಾನು ಯಾರಿಗೂ ಹೇಳದೆ ಬಿಡಲಿಲ್ಲ. ಮೆಲ್ಬರ್ನಿನಲ್ಲಿ ನಾವಿರುವ ಕ್ರೇಗಿಬರ್ನ್‌ನ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಮಾರುವ ಗುಜರಾತಿ ಹೆಂಗಸಿಗೆ ಹೇಳಿದೆ. ಬಸ್ಸಿನ ಡ್ರೈವರನಿಗೆ ಹೇಳಿದೆ. ಅವನ ಭಾಷೆ ನನಗೆ ಅಷ್ಟಕ್ಕಷ್ಟೆ, ನನ್ನದು ಅವನಿಗೆ ಸೊನ್ನೆ. ಆದರೂ "ಗ್ರ್ಯಾಂಡ್ ಡಾಟರ್, ಇಯರ್ ಟ್ವೆಲ್ವ್, ಫಿನಿಶ್" ಎಂದಾಗ ಹೆಬ್ಬೆರಳು ಎತ್ತಿ ತೋರಿಸಿದ. ಹಲ್ಲಿನ ಡಾಕ್ಟರು ಬಾಯಿ ತೆಗೆಯಿರಿ ಎಂದರು. ಹೇಗೂ ತೆಗೆದಿದ್ದೇನಲ್ಲ ಎಂದು ಅವರಿಗೂ ಹೇಳಿಬಿಟ್ಟೆ.

ನಾನು ಕಲಿತದ್ದು ಮೂರನೆಯ ಇಯತ್ತೆಯವರೆಗೆ. ಧಾರವಾಡದ ಕಡೆ ನಮ್ಮೂರ ಸಾಲೆಯಲ್ಲಿ ಮಗ್ಗಿ ಹತ್ತರವರೆಗೆ ಬಂದಿತ್ತು. ಅಷ್ಟರಲ್ಲಿ ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳಲು ಒಬ್ಬರು ಬೇಕಾದರು, ನನ್ನ ಪಾಟಿ ಅಟ್ಟಕ್ಕೆ ಹೋಯಿತು. ಆಮೇಲೆ ಸಾಲೆಯ ಬಾಗಿಲಿಗೆ ಮತ್ತೆ ಹೋದದ್ದು ಅರವತ್ತರ ಹತ್ತಿರ ಬಂದಾಗ, ಈ ದೇಶದಲ್ಲಿ, ಮೊಮ್ಮಗಳ ಕೈ ಹಿಡಿದುಕೊಂಡು. ಅವಳಿಗೆ ಎರಡು ವರ್ಷವಿದ್ದಾಗ ಮಗ ನನ್ನನ್ನು ಕರೆಸಿಕೊಂಡ. ಅವನೂ ಸೊಸೆಯೂ ಕೆಲಸಕ್ಕೆ ಹೋದರೆ ಕೂಸನ್ನು ನೋಡುವವರು ಯಾರು? ಹಾಗೆ ಬಂದವಳು ಇಲ್ಲಿಯೇ ಉಳಿದೆ. ಅವಳು ಸಾಲೆಗೆ ಹೋಗತೊಡಗಿದ ಮೇಲೆ ಬೆಳಿಗ್ಗೆ ಗೇಟಿನ ತನಕ ಬಿಟ್ಟು ಬರುತ್ತಿದ್ದೆ. ಮೂರೂವರೆಗೆ ಬಿಡುತ್ತಾರೆಂದರೆ ಮೂರಕ್ಕೇ ಹೋಗಿ ಬೇಲಿ ಹಿಡಿದು ನಿಲ್ಲುತ್ತಿದ್ದೆ. ಚಳಿಗಾಲದಲ್ಲಿ ಬಿಸಿ ಚಪಾತಿಯನ್ನು ಬಟ್ಟೆಯಲ್ಲಿ ಸುತ್ತಿ ಸ್ವೆಟರಿನೊಳಗೆ ಇಟ್ಟುಕೊಂಡು ಹೋಗುತ್ತಿದ್ದೆ. ನನಗೂ ಬೆಚ್ಚಗೆ, ಅವಳಿಗೂ ಬೆಚ್ಚಗೆ.

ನಾಲ್ಕು ವರ್ಷದ ಹಿಂದೆ ಮಗ ಕೆಲಸ ಸಿಕ್ಕಿತೆಂದು ಸಿಡ್ನಿಗೆ ಹೋದ. ಮೊದಲು ಎರಡು ವಾರಕ್ಕೊಮ್ಮೆ ಬರುತ್ತಿದ್ದ, ನಂತರ ತಿಂಗಳಿಗೊಮ್ಮೆ. ಆಮೇಲೆ ಅವನಿಗೆ ಅಲ್ಲಿ ಬೇರೆ ಮನೆ, ಬೇರೆ ಬದುಕು ಇದೆ ಎಂದು ಗೊತ್ತಾಯಿತು. ಗಂಡ ಹೆಂಡತಿ ಕಾಗದದ ಮೇಲೆಯೂ ಬೇರೆಯಾದರು. "ಅವ್ವಾ, ನೀ ಇಲ್ಲಿಗೆ ಬಾ" ಎಂದು ಮಗ ಕರೆದ. ನಾನು ಹೋಗಲಿಲ್ಲ. ಮಗನನ್ನು ಬಿಟ್ಟು ಸೊಸೆಯ ಮನೆಯಲ್ಲಿ ಇದ್ದಾಳೆ ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ. ಅವಳು ಸೊಸೆಯಾಗಿದ್ದಾಗ ಜಗಳವಾಡಿದಷ್ಟು ನಾವು ಆಮೇಲೆ ಆಡಲಿಲ್ಲ.

ಆದರೆ ತಾಯಿಯ ಕರುಳು ಎಂಬುದೊಂದು ಇರುತ್ತದಲ್ಲ. ಅಪ್ಪನ ಹೆಸರು ಬಂದರೆ ಹುಡುಗಿ ಎದ್ದು ಕೋಣೆಗೆ ಹೋಗುತ್ತಿದ್ದಳು. ನನ್ನ ಕಣ್ಣು ಮುಚ್ಚುವುದರೊಳಗೆ ಅಪ್ಪ ಮಗಳು ಒಂದು ಕಡೆ ಕೂತು ನಗುವುದನ್ನು ನೋಡಬೇಕು ಎಂಬ ಆಸೆ ನನ್ನೊಳಗೆ ಕುದಿಯುತ್ತಲೇ ಇತ್ತು.

ಇಲ್ಲಿ ಹನ್ನೆರಡನೆಯದು ಮುಗಿಯಿತೆಂದರೆ ಮದುವೆ ಮನೆಯಂಥ ಸಂಭ್ರಮ. ದೊಡ್ಡ ಪರೀಕ್ಷೆಗೆ ಮೊದಲೇ ಪಾಠದ ಕೊನೆಯ ದಿನಗಳು ಬರುತ್ತವೆ. ಒಂದು ದಿನ ವೇಷ ಹಾಕಿಕೊಂಡು ಹೋಗುತ್ತಾರೆ, ಒಂದು ಸಂಜೆ ದೊಡ್ಡ ಹಾಲ್‌ನಲ್ಲಿ ಊಟ. ಆ ಊಟದ ಹೊತ್ತಿಗೆ ಒಬ್ಬೊಬ್ಬರನ್ನೇ ವೇದಿಕೆಗೆ ಕರೆದು, ಹೆಸರು ಹಿಡಿದು, ಕೈಯಲ್ಲಿ ಸರ್ಟಿಫಿಕೇಟು ಕೊಡುತ್ತಾರೆ. ತಂದೆತಾಯಿ ಕೂತು ನೋಡುತ್ತಾರೆ. ಅದೇ ದೊಡ್ಡದು.

ಅದಕ್ಕೆ ಡ್ರೆಸ್ ತರಲು ಮೂವರೂ ಸಿಡ್ನಿ ರೋಡಿಗೆ ಹೋದೆವು. ಮೆಲ್ಬರ್ನಿನಲ್ಲೇ ಸಿಡ್ನಿ ರೋಡು! ಉದ್ದಕ್ಕೂ ಮದುವೆ ಬಟ್ಟೆಯ ಅಂಗಡಿಗಳು.

"ಇದನ್ನ ಹಿಡದ ಹೋದ್ರ ನಿಮ್ಮ ಅಪ್ಪನ ಊರಿಗೆ ಹೋಗ್ತೀವೇನ?" ಎಂದು ಕೇಳಿದೆ.

"ಟೆಕ್ನಿಕಲೀ, ಯೆಸ್," ಎಂದಳು ಹುಡುಗಿ. "ಅಪ್ಪಂಗೆ ಮಾತ್ರ ಈ ರೋಡ್ ಗೊತ್ತಿಲ್ಲ."

ಸೊಸೆ ನಕ್ಕಳು. ನಾನು ನಗಲಿಲ್ಲ. ಕಡುಹಸಿರು ಬಣ್ಣದ, ಕಾಲಿನ ತನಕ ಬರುವ ಡ್ರೆಸ್ ಆರಿಸಿಕೊಂಡಳು. ತೊಟ್ಟು ಹೊರಗೆ ಬಂದಾಗ ಅಂಗಡಿಯಲ್ಲೇ ಎರಡೂ ಕೈಯಿಂದ ದೃಷ್ಟಿ ತೆಗೆದು ನನ್ನ ನೆತ್ತಿಗೆ ಒತ್ತಿ ನೆಟಿಗೆ ಮುರಿದೆ. ಅಂಗಡಿಯವಳು ಬೆಚ್ಚಿಬಿದ್ದಳು.

"ಅಜ್ಜಿ! ಪ್ಲೀಸ್!" ಎಂದಳು ಹುಡುಗಿ. ಮುಖ ಕಿವಿಯವರೆಗೆ ಕೆಂಪಾಗಿತ್ತು, ಖುಷಿಯೂ ಆಗಿತ್ತು.

ಮರುದಿನ ಸಂಜೆ ಲ್ಯಾಪ್‌ಟಾಪ್ ತಂದು ನನ್ನ ಪಕ್ಕ ಕೂತಳು. ಊಟಕ್ಕೆ ಬರುವವರ ಹೆಸರು ಕೊಡಬೇಕು. ಒಂದು ಮಗುವಿಗೆ ಇಬ್ಬರೇ, ಜಾಗ ಇಲ್ಲ. ಒಂದನೆಯ ಸಾಲಿನಲ್ಲಿ ಅಮ್ಮನ ಹೆಸರು. ಎರಡನೆಯ ಸಾಲಿನಲ್ಲಿ ನನ್ನದು. ಇಂಗ್ಲಿಷಿನಲ್ಲಿ ನನ್ನ ಹೆಸರನ್ನಾದರೂ ನಾನು ಗುರುತು ಹಿಡಿಯಬಲ್ಲೆ. ಪಕ್ಕದ ಕಾಲಮ್ಮಿನಲ್ಲಿ ಏನೋ ಉದ್ದಕ್ಕೆ ಬರೆದಿದ್ದಳು.

"ಇದೇನ?"

"ಯುವರ್ ಫುಡ್. ವೆಜಿಟೇರಿಯನ್, ಎಗ್ ಬೇಡ, ಬಳ್ಳೊಳ್ಳಿ ಬೇಡ, ಮಶ್ರೂಮ್ ಮುಟ್ಟೋದಿಲ್ಲ. ಎಲ್ಲಾ ಹಾಕಿದೀನಿ."

ನನಗೆ ಎದೆ ತುಂಬಿ ಬಂತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರಲಿಲ್ಲ.

"ಇದು ನಿಮ್ಮ ಅಪ್ಪನ ಜಾಗಾ ಅಲ್ಲೇನ?"

ಹುಡುಗಿ ನನ್ನ ಮುಖ ನೋಡಿದಳು. "ಅಜ್ಜಿ, ಐ ವಾಂಟ್ ಯೂ."

"ನಾ ಎಲ್ಲಿ ಹೋಗ್ತೀನಿ? ಮನ್ಯಾಗ ಇರ್ತೀನಿ, ದಿನಾ ನೋಡ್ತಿ. ಅಪ್ಪ ಜೀವಂತ ಇರ್ಬೇಕಾದ್ರ ಅವನ ಕುರ್ಚ್ಯಾಗ ನಾ ಹೋಗಿ ಕುಂತ್ರ ಮಂದಿ ಏನಂದಾರು? ಅಪ್ಪ ಇಲ್ಲದ ಹುಡಿಗಿ ಅಂತಾರ."

"ನೋಬಡಿ ಕೇರ್ಸ್, ಅಜ್ಜಿ."

"ನಾ ಕೇರ್ ಮಾಡ್ತೀನಿ," ಎಂದೆ.

ಆ ರಾತ್ರಿಯ ಅಡುಗೆಗೆ ಸೊಪ್ಪು ಸೋಸುತ್ತಿದ್ದ ಸೊಸೆ ಅಲ್ಲಿಂದಲೇ, "ಅತ್ತಿ, ಅವರು ಬರೋದ ಖರೇನ ಅನಸ್ತದೇನ್ರಿ ನಿಮಗ?" ಎಂದಳು.

"ನಾ ಹೇಳಿದ್ರ ಬರ್ತಾನ. ಹೆತ್ತಾಕಿ ಮಾತ ತಗದ ಹಾಕಂಗಿಲ್ಲ."

ಅವರೆದುರಿಗೇ ಫೋನು ಹಚ್ಚಿದೆ. ಮಗ ಮೊದಲ ರಿಂಗಿಗೇ ಎತ್ತಿದ. ಮಗಳು ಕರೆಯುತ್ತಿದ್ದಾಳೆ ಎಂದು ಹೇಳಿದೆ. ಅದು ಸುಳ್ಳು. "ಬರ್ತೀನಿ ಅವ್ವಾ, ಬರದ ಏನ? ಇವತ್ತ ಫ್ಲೈಟ್ ಬುಕ್ ಮಾಡ್ತೀನಿ" ಎಂದ. ದನಿ ನಡುಗಿದ ಹಾಗಿತ್ತು. ಗೆದ್ದವಳ ಹಾಗೆ ಹುಡುಗಿಯ ಕಡೆ ನೋಡಿದೆ. ಅವಳು ಕೀ ಒತ್ತತೊಡಗಿದಳು. ನನ್ನ ಹೆಸರಿನ ಅಕ್ಷರಗಳು ಒಂದೊಂದಾಗಿ ಅಳಿಸಿಹೋದವು. ಆಮೇಲೆ ಮೊಟ್ಟೆ, ಬಳ್ಳೊಳ್ಳಿ, ಮಶ್ರೂಮ್. ಅಲ್ಲಿ ಅಪ್ಪನ ಹೆಸರು ಬಂತು. ಊಟದ ಕಾಲಮ್ಮನ್ನು ಹಾಗೇ ಬಿಟ್ಟಳು. ಅಪ್ಪ ಈಗ ಏನು ತಿನ್ನುತ್ತಾನೋ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಡುವೆ ಮೂರು ವಾರ. ಮಾಸ್ತರರಿಗೆಲ್ಲ ಕೊಡಬೇಕೆಂದು ಎರಡು ಡಬ್ಬಿ ಬೇಸನ್ ಉಂಡಿ ಕಟ್ಟಿದೆ. ಡ್ರೆಸ್ ಉದ್ದವಾಯಿತೆಂದು ಅಂಚು ಬಿಚ್ಚಿ ಕೈಹೊಲಿಗೆ ಹಾಕಿದೆ. ಫೋನಿನಲ್ಲಿ ಮಗನಿಗೆ ಮೂರು ಸಲ ನೆನಪು ಮಾಡಿದೆ. ಮೂರು ಸಲವೂ "ಬುಕ್ ಆಗೇದ ಅವ್ವಾ" ಎಂದ.

ಆ ದಿನ ಸಂಜೆ ಐದಕ್ಕೆ ಅವರಿಬ್ಬರೂ ಹೊರಟರು. ಮನೆಯ ಮುಂದೆ ಫೋಟೋ ತೆಗೆಯಬೇಕೆಂದು ನಾನೂ ಇಳಕಲ್ ಸೀರೆ ಉಟ್ಟಿದ್ದೆ. ಪಕ್ಕದ ಮನೆಯ ಪಂಜಾಬಿ ಹೆಂಗಸು ಫೋಟೋ ತೆಗೆದಳು. ಹುಡುಗಿ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದಳು. ಹೇಳಿಕೊಡದೆ ಮಾಡಿದ್ದು ಅದೇ ಮೊದಲು. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಕೈ ಬೀಸಿದೆ. ಖುಷಿಯಲ್ಲಿ ಒಳಗೆ ಬಂದವಳು ಸೀರೆ ಬದಲಿಸಲಿಲ್ಲ, ಹಾಗೇ ಕೂತೆ.

ಆರೂವರೆಗೆ ಸೊಸೆಯ ಫೋನು. ಅಲ್ಲಿನ ಗದ್ದಲ, ಸಂಗೀತ ಕೇಳುತ್ತಿತ್ತು.

"ಅತ್ತಿ, ಅವರು ಇನ್ನೂ ಬಂದಿಲ್ರಿ. ಫೋನ್ ಎತ್ತವಲ್ಲರು. ನೀವು ಬಾಜೂ ಮನಿ ಆಂಟಿ ಕೂಡ ಬಂದಬಿಡ್ರಿ. ಹತ್ತ ನಿಮಿಷದ ದಾರಿ. ಬಾಗಲದಾಗಿನ ಟೀಚರಿಗೆ ಕೇಳೀನಿ, ಬರ್ಲಿ ಅಂದಾರ."

"ನಾ ಬಂದ ಕುಂತ ಮ್ಯಾಲ ಅಂವಾ ಬಂದ್ರ? ಬಾಗಲದಾಗ ನಿಂತ ವಾಪಸ್ ಹೋಗಬೇಕೇನ?"

"ಅತ್ತಿ, ಅಕಿ ಕೇಳಾಕತ್ತಾಳ್ರಿ. ಅಜ್ಜಿನ್ನ ಕರಿ ಅಂತ."

"ಅಪ್ಪ ದಾರ್ಯಾಗ ಅದಾನ ಅಂತ ಹೇಳ ಅಕಿಗೆ. ಕುರ್ಚಿ ಯಾರಿಗೂ ಬಿಡಬ್ಯಾಡ."

ಫೋನು ಇಟ್ಟೆ. ಪಂಜಾಬಿ ಹೆಂಗಸಿಗೂ ಸೊಸೆ ಫೋನು ಮಾಡಿದ್ದಳೆಂದು ಕಾಣುತ್ತದೆ. ಅವಳು ಕಾರಿನ ಕೀಲಿ ಹಿಡಿದುಕೊಂಡು ಬಾಗಿಲಿಗೆ ಬಂದಳು. "ಚಲೋ ಮಾಂಜೀ, ಜಲ್ದಿ." ನನ್ನ ಅರ್ಧಮರ್ಧ ಹಿಂದಿಯಲ್ಲಿ, "ಮೇರಾ ಬೇಟಾ ಆತಾ ಹೈ" ಎಂದೆ. ಅವಳು ಸೀರೆಯನ್ನು ನೋಡಿದಳು, ನನ್ನ ಮುಖ ನೋಡಿದಳು. ಎರಡು ಸಲ ಕರೆದಳು. ಕೊನೆಗೆ ಹೋದಳು.

ಮಗನಿಗೆ ಎಷ್ಟು ಸಲ ಫೋನು ಹಚ್ಚಿದೆನೋ. ಈ ತಿಂಗಳುಗಳಲ್ಲಿ ಇಲ್ಲಿ ಹೊತ್ತು ಮುಳುಗುವುದು ತಡ. ಕಿಟಕಿಯಾಚೆ ಬೆಳಕು ಇದ್ದೇ ಇತ್ತು. ಇನ್ನೂ ಬೆಳಕಿದೆ, ಇನ್ನೂ ಹೊತ್ತಿದೆ ಎಂದುಕೊಳ್ಳುತ್ತಾ ಕೂತೆ. ವಿಮಾನ ನಿಲ್ದಾಣ ನಮ್ಮ ಮನೆಗೆ ಹತ್ತಿರ, ಇಳಿಯುವ ವಿಮಾನಗಳು ಕಾಣುತ್ತವೆ. ಒಂದೊಂದು ಇಳಿದಾಗಲೂ ಇದರಲ್ಲಿ ಇದ್ದಾನೆ ಎಂದೆ.

ಇರಲಿಲ್ಲ.

ಬೆಳಿಗ್ಗೆ ಸೊಸೆ ಫೋನಿನಲ್ಲಿ ವಿಡಿಯೋ ತೋರಿಸಿದಳು. ಹುಡುಗಿಯ ಹೆಸರು ಕೂಗುತ್ತಾರೆ. ಹಸಿರು ಡ್ರೆಸ್ಸಿನಲ್ಲಿ ಮೆಟ್ಟಿಲು ಹತ್ತುತ್ತಾಳೆ. ನಾನು ಹಾಕಿದ ಹೊಲಿಗೆ ಎಲ್ಲೂ ಬಿಟ್ಟಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಸರ್ಟಿಫಿಕೇಟು ಇಸಿದುಕೊಂಡವಳು ಅಮ್ಮನ ಕಡೆ ನೋಡಬೇಕಲ್ಲ, ಎಲ್ಲ ಮಕ್ಕಳೂ ಹಾಗೇ ಮಾಡಿದ್ದರಂತೆ. ಇವಳು ಹಾಲ್‌ನ ಹಿಂದಿನ ಬಾಗಿಲ ಕಡೆ ನೋಡುತ್ತಾಳೆ. ಒಂದೇ ಕ್ಷಣ. ಅಪ್ಪ ದಾರಿಯಲ್ಲಿದ್ದಾನೆ ಎಂದು ನಾನು ಹೇಳಿ ಕಳಿಸಿದ್ದೆನಲ್ಲ, ಅದನ್ನು ನಂಬಿದ್ದಳು ಎಂದುಕೊಂಡೆ. ಫೋನು ಸ್ವಲ್ಪ ಅಲುಗಿದಾಗ ಸೊಸೆಯ ಪಕ್ಕದ ಕುರ್ಚಿ ಕಾಣುತ್ತದೆ. ಅದರ ಮೇಲೆ ಸೊಸೆ ತನ್ನ ಬ್ಯಾಗನ್ನೂ ಶಾಲನ್ನೂ ಇಟ್ಟಿದ್ದಳು, ಬರಿದೆಂದು ಕಾಣಬಾರದೆಂದು.

ಹುಡುಗಿ ಅಡುಗೆಮನೆಗೆ ಬಂದಳು. ನಿನ್ನೆಯ ಜಡೆ ಇನ್ನೂ ಬಿಚ್ಚಿರಲಿಲ್ಲ.

"ಸಿಟ್ಟಾಗಬ್ಯಾಡವಾ," ಎಂದೆ. "ನಿಮ್ಮ ಅಪ್ಪಗ ಏನ ತೊಂದರಿ ಆತೋ..."

"ಅಪ್ಪನ ಮೇಲೆ ಸಿಟ್ಟಿಲ್ಲ. ಐ ಡಿಡಿಂಟ್ ಎಕ್ಸ್‌ಪೆಕ್ಟ್ ಎನಿಥಿಂಗ್ ಫ್ರಮ್ ಹಿಮ್." ತಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. "ನಿನ್ನ ಕರೆದೆ. ಎರಡು ಸಲ ಕರೆದೆ. ಯೂ ಪಿಕ್ಡ್ ಹಿಮ್."

ಆ ಇಂಗ್ಲಿಷು ನನಗೆ ತಿಳಿಯಲಿಲ್ಲವೆಂದು ನಟಿಸಬಹುದಿತ್ತು. ಹಾಗೆ ಎಷ್ಟೋ ಸಲ ನಟಿಸಿದ್ದೇನೆ. ಅಂದು ಆಗಲಿಲ್ಲ. ಅವಳು ಪುಸ್ತಕ ಹಿಡಿದು ಕೋಣೆಗೆ ಹೋದಳು. ಬಾಗಿಲನ್ನು ಮೆತ್ತಗೆ ಹಾಕಿಕೊಂಡಳು. ಬಡಿದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಮಗನ ಫೋನು. "ಅವ್ವಾ, ಫ್ಲೈಟ್ ಸಿಗಲಿಲ್ಲ ನೋಡು. ಎಲ್ಲಾ ಫುಲ್ ಆಗಿದ್ವು."

"ಬುಕ್ ಆಗೇದ ಅಂದಿದ್ದೆಲ್ಲೋ?"

ಅವನು ಉಸಿರಾಡುವುದು ಕೇಳುತ್ತಿತ್ತು. ಸಣ್ಣವನಿದ್ದಾಗ ಸಾಲೆ ತಪ್ಪಿಸಿ ಸಿಕ್ಕಿಬಿದ್ದಾಗಲೂ ಹೀಗೇ ಉಸಿರಾಡುತ್ತಿದ್ದ. ಕೊನೆಗೆ, "ಆ ಕುರ್ಚ್ಯಾಗ ಅಕಿ ಬಾಜೂಕ ಕುಂದ್ರೋ ಮಾರಿ ನನಗಿಲ್ಲ ಅವ್ವಾ" ಎಂದ. ನನಗೆ ಅವನನ್ನು ಬೈಯಲು ಆಗಲಿಲ್ಲ, ಸಮಾಧಾನ ಮಾಡಲೂ ಆಗಲಿಲ್ಲ. ಅವನಿಗೆ ಬರಲು ಮನಸ್ಸಿಲ್ಲವೆಂಬುದು ಮೂರೂ ಸಲದ ಅವನ ದನಿಯಲ್ಲೇ ಇತ್ತು. ಅದನ್ನು ಕೇಳಿಯೂ ಕೇಳದ ಹಾಗೆ ಮಾಡಿ, ನನ್ನ ಆಸೆಯನ್ನು ಆ ಹುಡುಗಿಯ ದಿನದ ಮೇಲೆ ಹೇರಿದವಳು ನಾನು.

ಆಮೇಲೆ ಪರೀಕ್ಷೆಗಳು. ಬೇಯಿಸಿ ಹಾಕಿದೆ, ತಿಂದಳು. "ಥ್ಯಾಂಕ್ಯೂ ಅಜ್ಜಿ" ಎಂದಳು, ಅಂಗಡಿಯವರಿಗೆ ಹೇಳಿದ ಹಾಗೆ. ಮೊದಲೆಲ್ಲ ಓದಿನ ನಡುವೆ ಎದ್ದು ಬಂದು ನನ್ನ ತೊಡೆಯ ಮೇಲೆ ತಲೆ ಇಡುತ್ತಿದ್ದವಳು ಈಗ ಬರಲಿಲ್ಲ. ನಾನು ಕರೆಯಲಿಲ್ಲ. ಯಾವ ಬಾಯಿಂದ ಕರೆಯಲಿ?

ಡಿಸೆಂಬರಿನಲ್ಲಿ ರಿಸಲ್ಟ್ ಬಂತು. ಕೇಳಿದ ಕೋರ್ಸು ಸಿಗುವಷ್ಟು ಬಂದಿತ್ತು. ಅಮ್ಮ ಮಗಳು ತಬ್ಬಿಕೊಂಡು ಅತ್ತರು. ನಾನು ದೇವರ ಮುಂದೆ ದೀಪ ಹಚ್ಚಿ ಅಲ್ಲಿಯೇ ನಿಂತೆ. ನಮ್ಮ ವಂಶದಲ್ಲಿ ಹೆಣ್ಣುಮಗಳೊಬ್ಬಳು ಕಾಲೇಜಿಗೆ ಹೋಗುತ್ತಾಳೆ. ನನ್ನ ಎದೆಯಲ್ಲಿ ಹಿಡಿಸಲಾರದಷ್ಟು ಸಂತೋಷ. ಅದನ್ನು ಹಿಡಿದುಕೊಂಡು ಯಾರ ಹತ್ತಿರ ಹೋಗಬೇಕೋ ತಿಳಿಯದೆ ದೇವರಿಗೇ ಹೇಳಿದೆ.

ಆ ವಾರದ ಕೊನೆಗೆ ಪರಿಚಯದ ಹುಬ್ಬಳ್ಳಿ ಕಡೆಯ ಸಂಸಾರವೊಂದು ಸಿಹಿ ಹಿಡಿದುಕೊಂಡು ಬಂತು. ಸೊಸೆ ಸಡಗರದಿಂದ ಫೋಟೋಗಳನ್ನು ತೋರಿಸಿದಳು. ಒಂದೊಂದನ್ನೂ ಸರಿಸಿ ನೋಡಿದ ಆ ಹೆಣ್ಣುಮಗಳು, "ಹಾಲ್‌ನಾಗಿಂದು ಒಂದರಾಗೂ ನೀವಿಲ್ಲಲ್ಲರಿ ಅಜ್ಜಿ? ಊರ ತುಂಬಾ ಸುದ್ದಿ ಹೇಳಿದಾಕಿ ನೀವ, ಮೊಮ್ಮಗಳ ಫಂಕ್ಷನ್ನಿಗೆ ಹೋಗಲಿಲ್ಲೇನ್ರಿ?" ಎಂದಳು.

ಸೊಸೆ ತಲೆ ತಗ್ಗಿಸಿದಳು. ಮಗನ ಮಾನ, ನನ್ನ ಮಾನ, ಎರಡೂ ಆ ಪ್ರಶ್ನೆಯಲ್ಲಿದ್ದವು. ಚಹಾದ ತಾಟು ಹಿಡಿದು ಹುಡುಗಿ ಒಳಗಿನಿಂದ ಬರುತ್ತಿದ್ದಳು.

"ಮೊಣಕಾಲ ಹಿಡದಿತ್ತವಾ ಅವತ್ತ," ಎಂದೆ. "ಏಳಾಕ ಆಗ್ಲಿಲ್ಲ."

ಹುಡುಗಿ ನಿಂತಳು. ಆ ಸುಳ್ಳನ್ನು ಅವಳು ಒಡೆದು ಹಾಕಬಹುದಿತ್ತು, ಅವಳಿಗೆ ಆ ಹಕ್ಕಿತ್ತು. ತಾಟನ್ನು ಕೆಳಗಿಟ್ಟಳು.

"ಹೌದು ಆಂಟಿ," ಎಂದಳು, ಕನ್ನಡದಲ್ಲಿ, ಒಂದೂ ಇಂಗ್ಲಿಷು ಮಾತಿಲ್ಲದೆ. "ಅಜ್ಜಿಗೆ ಅವತ್ತು ತುಂಬಾ ನೋವಿತ್ತು."

ಮೊದಲ ಕಪ್ಪನ್ನು ನನ್ನ ಕೈಗೆ ಕೊಟ್ಟಳು. ನನ್ನ ಕಡೆ ನೋಡಲಿಲ್ಲ. ಬಂದವರ ಕಡೆ ತಿರುಗಿ, ಯಾರಿಗೆ ಸಕ್ಕರೆ, ಯಾರಿಗೆ ಬೇಡ ಎಂದು ಕೇಳತೊಡಗಿದಳು.