ಅಡುಗೆಮನೆಗೆ ಕೇಳಿಸದ ಹಾಗೆ ಓದಿದ ಪಾಠ

ನನಗೆ ಬೇಗ ಸಿಟ್ಟು ಬರುತ್ತದೆ. ಟೀಚರ್ ಕೆಲಸ ಸಿಕ್ಕಾಗ ಮಾಲೂರಿನ ನಮ್ಮ ಮನೆಯಲ್ಲಿ ‘ಇನ್ನು ಮಕ್ಕಳ ಗತಿ ಅಷ್ಟೇ’ ಎಂದು ನಕ್ಕಿದ್ದರು. ಮುಳಬಾಗಿಲಿನ ಕಡೆ ಆರು ವರ್ಷ ಕೆಲಸ ಮಾಡಿ, ವರ್ಗವಾಗಿ, ಶ್ರೀನಿವಾಸಪುರದಾಚೆ ಆಂಧ್ರದ ಗಡಿಗೆ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಬಂದೆ. ಸುತ್ತ ಮಾವಿನ ತೋಪು, ನಡುವೆ ಎರಡು ಕೋಣೆ, ಒಂದು ಅಡುಗೆಮನೆ. ಒಂದರಿಂದ ಐದನೇ ತರಗತಿವರೆಗೆ ಒಟ್ಟು ಹನ್ನೊಂದು ಮಕ್ಕಳು, ಅಷ್ಟಕ್ಕೂ ನಾನೊಬ್ಬಳೇ ಟೀಚರ್. ಹತ್ತಕ್ಕಿಂತ ಕಡಿಮೆಯಾದರೆ ಶಾಲೆಯನ್ನು ಪಕ್ಕದೂರಿನದರ ಜೊತೆ ಸೇರಿಸಿಬಿಡುತ್ತಾರೆ ಎಂಬ ಮಾತು ಆಗಲೇ ಓಡಾಡುತ್ತಿತ್ತು. ಪಕ್ಕದೂರೆಂದರೆ ಮೂರು ಕಿಲೋಮೀಟರು, ನಡುವೆ ಲಾರಿಗಳು ಓಡುವ ದೊಡ್ಡ ರಸ್ತೆ. ಆರು ವರ್ಷದ ಮಗುವನ್ನು ಅಷ್ಟು ದೂರ ನಡೆಸಲು ಯಾರಿಗೂ ಮನಸ್ಸಿರಲಿಲ್ಲ.

ಆ ಶಾಲೆಯಲ್ಲಿ ನನಗಿಂತ ಹಳಬರೆಂದರೆ ಬಿಸಿಯೂಟದ ಅಡುಗೆಯವರು. ಐವತ್ತು ದಾಟಿದ ಹೆಂಗಸು. ತೆಲುಗಿನಲ್ಲಿ ಅಜ್ಜಿಯನ್ನು ಕರೆಯುವ ಹಾಗೆ ಮಕ್ಕಳು ಅವರನ್ನು ಅವ್ವ ಎನ್ನುತ್ತಿದ್ದರು. ನಾನು ಅಕ್ಕ ಎನ್ನುತ್ತಿದ್ದೆ. ಅಡುಗೆಮನೆಗೂ ತರಗತಿಗೂ ನಡುವೆ ಒಂದು ಕಿಟಕಿ ಇತ್ತು. ಮನೆಯಲ್ಲಿ ತೆಲುಗು ಬಿಟ್ಟು ಬೇರೇನೂ ಕೇಳದ ಚಿಕ್ಕ ಮಕ್ಕಳು ನನ್ನ ಕನ್ನಡಕ್ಕೆ ಕಣ್ಣು ಪಿಳಿಪಿಳಿ ಬಿಟ್ಟಾಗಲೆಲ್ಲ ಆ ಕಿಟಕಿಯಿಂದ ತೆಲುಗಿನ ಒಂದು ಮಾತು ಬರುತ್ತಿತ್ತು, ಮಕ್ಕಳಿಗೆ ಅರ್ಥವಾಗುತ್ತಿತ್ತು.

ಒಂದು ದಿನ ನಾಲ್ಕನೇ ತರಗತಿಯ ಪಾಠ ಓದುತ್ತಿದ್ದೆ. ಒಳಗಿನಿಂದ, ‘ಮೇಡಂ, ಒಂದು ಸಾಲು ಬಿಟ್ರಿ’ ಎಂದರು. ಸಿಟ್ಟು ಬಂತು. ನೋಡಿದರೆ ನಿಜವಾಗಿಯೂ ಬಿಟ್ಟಿದ್ದೆ. ಆಮೇಲೆ ಪರೀಕ್ಷೆ ಮಾಡಲೆಂದೇ ಅಲ್ಲೊಂದು ಇಲ್ಲೊಂದು ಕೇಳಿದೆ. ಐದನೇ ತರಗತಿವರೆಗಿನ ಪಾಠ, ಪದ್ಯ, ಇಪ್ಪತ್ತರವರೆಗಿನ ಮಗ್ಗಿ, ಎಲ್ಲ ಬಾಯಲ್ಲೇ ಇದ್ದವು. ನಾನು ಬೆರಗಾಗಿ ಹೋದೆ. ಬಿ.ಎಡ್. ಮಾಡಿದ ನನಗೇ ಹದಿನೇಳರ ಮಗ್ಗಿ ಬಾರದು.

ಅಂದಿನಿಂದ ಅನ್ನ ಬೇಯುವ ಹೊತ್ತಿನಲ್ಲಿ ದೊಡ್ಡ ಮಕ್ಕಳನ್ನು ಅವರಿಗೆ ಒಪ್ಪಿಸಿ ನಾನು ಚಿಕ್ಕವರ ಜೊತೆ ಕೂರುತ್ತಿದ್ದೆ. ಅಕ್ಕ ಪುಸ್ತಕ ಬಿಡಿಸಿಕೊಂಡು ಪಾಠ ಹೇಳುತ್ತಿದ್ದರು, ಮಕ್ಕಳು ಬೆರಳಿಟ್ಟುಕೊಂಡು ಸಾಲು ಹಿಡಿಯುತ್ತಿದ್ದರು. ಎರಡೇ ವರ್ಷದಲ್ಲಿ ನಮ್ಮ ಮಕ್ಕಳು ಸುತ್ತಲಿನ ಶಾಲೆಗಳಿಗಿಂತ ಚೆನ್ನಾಗಿ ಓದತೊಡಗಿದರು. ಟೀಚರುಗಳ ಮೀಟಿಂಗಿನಲ್ಲಿ ಅಧಿಕಾರಿಗಳು ಹೊಗಳಿದರು, ನಾನು ಸುಮ್ಮನೆ ಹೊಗಳಿಸಿಕೊಂಡೆ.

ಹಾಗಿರುವಾಗ ಒಂದು ವರ್ಷ ಪಠ್ಯಪುಸ್ತಕ ಬದಲಾಯಿತು. ಹೊಸ ಪುಸ್ತಕ ಬಂದ ವಾರವೇ ನನಗೆ ಶ್ರೀನಿವಾಸಪುರದಲ್ಲಿ ಎರಡು ದಿನದ ತರಬೇತಿ. ನನ್ನ ಬದಲು ಬರಬೇಕಾಗಿದ್ದ ಮೇಷ್ಟ್ರು ಬರಲಿಲ್ಲವೆಂದು ಮರುದಿನ ತಿಳಿದು, ಮಧ್ಯಾಹ್ನವೇ ಬಸ್ಸು ಹತ್ತಿ ಶಾಲೆಗೆ ಬಂದೆ. ಬಾಗಿಲ ಬಳಿ ನಿಂತಾಗ ಅಕ್ಕ ಕೆರೆಯ ಚಿತ್ರವಿದ್ದ ಪುಟ ಬಿಡಿಸಿಕೊಂಡು ಕಪ್ಪೆ ಮತ್ತು ಕೊಕ್ಕರೆಯ ಕತೆ ಹೇಳುತ್ತಿದ್ದರು. ಅದು ಹಳೆಯ ಪುಸ್ತಕದ ಕತೆ. ಅಲ್ಲೂ ಕೆರೆಯ ಚಿತ್ರವೇ ಇತ್ತು.

ನಾಲ್ಕನೇ ತರಗತಿಯ ಒಬ್ಬ ಹುಡುಗಿ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ತಲೆಯೆತ್ತಿ, ‘ಅವ್ವಾ, ಇಂದುಲೋ ಅದಿ ಲೇದು’ ಎಂದಳು. ಇದರಲ್ಲಿ ಅದಿಲ್ಲ ಎಂದು.

ಅಕ್ಕ ಪುಟವನ್ನು ನೋಡಿದರು, ಮಕ್ಕಳನ್ನು ನೋಡಿದರು. ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ‘ನಂಗೆ ಓದೋಕೆ ಬರಲ್ಲ ಕಣ್ರೋ. ಇಷ್ಟು ವರ್ಷ ಮೇಷ್ಟ್ರುಗಳು, ಮೇಡಂ ಓದಿದ್ದನ್ನ ಕೇಳಿಸ್ಕೊಂಡು ಹೇಳ್ತಿದ್ದೆ’ ಎಂದರು.

ಚಿತ್ರ ನೋಡಿ ಪಾಠ ಗುರುತಿಸುತ್ತಿದ್ದರು, ಅಷ್ಟೇ. ಅಡುಗೆಯ ದಾಸ್ತಾನು ಪುಸ್ತಕವನ್ನು ನಾನೇ ಬರೆಯುತ್ತಿದ್ದೆ. ಅವರು ಸಹಿ ಮಾತ್ರ ಹಾಕುತ್ತಿದ್ದರು, ಅದೂ ಮುದ್ದಾಗಿ. ಇದೆಲ್ಲ ನನ್ನ ತಲೆಗೆ ಹೊಳೆದದ್ದು ಆ ಬಾಗಿಲಲ್ಲಿ ನಿಂತಾಗ. ಮಕ್ಕಳು ಹೋದ ಮೇಲೆ ಅವರ ಮೇಲೆ ರೇಗಿದೆ. ‘ನಂಗಾದ್ರೂ ಹೇಳಬಾರದಿತ್ತಾ?’

‘ನೀವು ಕೇಳಲಿಲ್ಲ ಮೇಡಂ. ಪುಸ್ತಕ ಕೊಟ್ರಿ, ತಗೊಂಡೆ. ಬೇಡ ಅನ್ನೋಕೆ ಮನಸ್ಸಾಗಲಿಲ್ಲ.’

ಆ ಮಾತಿಗೆ ನನ್ನ ಸಿಟ್ಟು ಇಳಿಯಿತು, ಭಯ ಶುರುವಾಯಿತು. ಮುಂದಿನ ವಾರವೇ ಪೋಷಕರ ಸಭೆ. ಊರಿಗೆ ಆ ವರ್ಷ ಕಾನ್ವೆಂಟಿನ ಹಳದಿ ವ್ಯಾನು ಬರತೊಡಗಿತ್ತು. ಮೂರು ಮನೆಯವರು ಮಕ್ಕಳನ್ನು ಬಿಡಿಸಿ ಅಲ್ಲಿಗೆ ಹಾಕುವ ಯೋಚನೆಯಲ್ಲಿದ್ದರು. ಪಾಠ ಹೇಳಿದವರಿಗೇ ಓದಲು ಬಾರದೆಂದು ಗೊತ್ತಾದರೆ ಅವರು ನಿಲ್ಲುತ್ತಾರೆಯೇ? ಹನ್ನೊಂದರಲ್ಲಿ ಇಬ್ಬರು ಹೋದರೂ ಶಾಲೆ ಮುಚ್ಚಿದಂತೆಯೇ. ‘ಈ ವಿಷಯ ನಮ್ಮಲ್ಲೇ ಇರಲಿ ಅಕ್ಕ’ ಎಂದು ಕೈ ಹಿಡಿದು ಕೇಳಿಕೊಂಡೆ. ಹಾಗೆ ಕೇಳಿಕೊಂಡಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

‘ಮಕ್ಕಳ ಮುಂದೆ ಹೇಳಿಬಿಟ್ಟಿದೀನಿ. ಇನ್ನು ಅವ್ರಪ್ಪ ಅಮ್ಮನ ಮುಂದೆ ಸುಳ್ಳು ಹೇಳಲಾ?’ ಎಂದರು.

ಸಭೆಯ ದಿನ ಅಕ್ಕ ಎಲ್ಲರಿಗೂ ಟೀ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಗೋಡೆಗೆ ಒರಗದೆ ನಿಂತು, ತಮಗೆ ಓದಲು ಬಾರದೆಂದು ಹೇಳಿದರು. ‘ತಪ್ಪು ನನ್ನದು, ಮೇಡಮ್ಮಂದಲ್ಲ. ಮಕ್ಕಳನ್ನ ಬಿಡಿಸಬೇಡಿ, ಬೇಕಾದ್ರೆ ನನ್ನ ಬಿಡಿಸಿ’ ಎಂದರು. ನಾನು ತಲೆ ತಗ್ಗಿಸಿಕೊಂಡು ಮನಸ್ಸಿನಲ್ಲೇ ಮಕ್ಕಳನ್ನು ಎಣಿಸುತ್ತಿದ್ದೆ.

ಇಬ್ಬರು ಹೆಣ್ಣುಮಕ್ಕಳ ಟಿ.ಸಿ. ಕೇಳಲೆಂದೇ ಬಂದಿದ್ದ ಒಬ್ಬ ಅಪ್ಪ ಎದ್ದು ನಿಂತರು. ಮಾವಿನಕಾಯಿ ಮಂಡಿಯಲ್ಲಿ ಕೆಲಸ ಮಾಡುವವರು. ಅಕ್ಕ ಅಡುಗೆಗೆ ಸೇರಿದ ವರ್ಷ ಇದೇ ಶಾಲೆಯಲ್ಲಿ ಮೂರನೇ ತರಗತಿಯಲ್ಲಿದ್ದರಂತೆ. ‘ನಂಗೆ ಮಗ್ಗಿ ಅಂದ್ರೆ ಹೊಟ್ಟೆನೋವು ಬರ್ತಿತ್ತು. ತಟ್ಟೆ ಹಿಡ್ಕೊಂಡು ನಿಂತ್ರೆ ಈಯಮ್ಮ, ಏಳರ ಮಗ್ಗಿ ಹೇಳೋ, ಆಮೇಲೆ ಸಾರು ಅನ್ನೋರು. ನಾನು ತಪ್ಪಿದ್ರೆ ತಾವೇ ಹೇಳಿಕೊಟ್ಟು ಬಡಿಸೋರು. ಇವತ್ತು ಮಂಡೀಲಿ ಎಲ್ರೂ ಲೆಕ್ಕಕ್ಕೆ ನನ್ನೇ ಕರೀತಾರೆ’ ಎಂದರು. ‘ಟಿ.ಸಿ. ಬೇಡ ಮೇಡಂ’ ಎಂದು ಕೂತರು. ಒಂದು ಮನೆಯವರು ಮಾತ್ರ ಮಗುವನ್ನು ವ್ಯಾನು ಹತ್ತಿಸಿದರು. ನಮಗೆ ಸರಿಯಾಗಿ ಹತ್ತು ಮಕ್ಕಳು ಉಳಿದರು.

ಮರುದಿನ ಪಾತ್ರೆ ತೊಳೆದಿಟ್ಟು ಅಕ್ಕ ಒಂದನೇ ತರಗತಿಯವರ ಸಾಲಿನಲ್ಲಿ ಬಂದು ಕೂತರು. ಕಲಿಸುವುದು ಸುಲಭವೆಂದುಕೊಂಡಿದ್ದೆ. ಅದು ನನ್ನ ಎರಡನೆಯ ತಪ್ಪು. ಅಕ್ಷರಗಳನ್ನು ಬೇಗ ಕಲಿತರು, ಆದರೆ ಯಾವ ಪುಟ ಕೊಟ್ಟರೂ ಮೊದಲ ಪದ ಗುರುತು ಸಿಕ್ಕ ಕೂಡಲೇ ಉಳಿದದ್ದು ನೆನಪಿನಿಂದ ಗಡಗಡ ಬಂದುಬಿಡುತ್ತಿತ್ತು. ಗೊತ್ತಿರುವುದೇ ಅಡ್ಡ ಬರುತ್ತಿತ್ತು. ಅವರು ಕೇಳಿರದ ಸಾಲುಗಳಿಗಾಗಿ ನಾನು ಅಕ್ಕಿ ಮೂಟೆ, ಡೇರಿಯ ಚೀಟಿ, ಬೀಜದ ಪೊಟ್ಟಣ, ಗೋಡೆಯ ಮೇಲಿನ ಜಾಹೀರಾತು ಎಲ್ಲ ಹುಡುಕಿದೆ. ಮಾಲೂರಿನ ನಮ್ಮ ಮನೆಯಿಂದ ಹಳೆ ಲಗ್ನಪತ್ರಿಕೆಗಳನ್ನೂ ತಂದೆ. ಎಡವುತ್ತಿದ್ದರು, ನಗುತ್ತಿದ್ದರು, ಬಿಡುತ್ತಿರಲಿಲ್ಲ.

ಹೊಸ ಪುಸ್ತಕದ ಆ ಕೆರೆಯ ಪಾಠವನ್ನು ಅವರಿಗೆ ಕೇಳಿಸದೆ ಉಳಿಸಬೇಕೆಂಬ ಉಪಾಯ ಮಕ್ಕಳದೇ. ಅದನ್ನು ಓದುವ ದಿನ ಕಿಟಕಿ ಮುಚ್ಚಿ, ನನ್ನನ್ನು ಎಳೆದುಕೊಂಡು ತೋಪಿನ ಕೊನೆಯ ಮರದ ಕೆಳಗೆ ಹೋದರು. ಆ ಹತ್ತು ಮಕ್ಕಳಲ್ಲಿ ಒಂದೂ ಎಂಟು ತಿಂಗಳು ಬಾಯಿ ಬಿಡಲಿಲ್ಲ. ಒಂದು ನಿಮಿಷ ಬಾಯಿ ಮುಚ್ಚಿ ಕೂರದ ಮಕ್ಕಳು ಅವು.

ಮಾವು ಹೂಬಿಟ್ಟ ಸಮಯದಲ್ಲಿ ಒಂದು ಮಧ್ಯಾಹ್ನ ಪುಸ್ತಕವನ್ನು ಅವರ ಮುಂದಿಟ್ಟೆ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸಮನಾಗಿ ನೀರು ಬಿಡುವ ಒಬ್ಬ ನೀರುಗಂಟಿಯ ಕತೆ ಅದು. ಅಕ್ಕ ಬೆರಳಿಟ್ಟು ಒಂದೊಂದೇ ಪದ ಕೂಡಿಸುತ್ತ ಹೋದರು. ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು, ತುಟಿ ಮಾತ್ರ ಅಲ್ಲಾಡುತ್ತಿತ್ತು, ದನಿ ಹೊರಡಿಸಲಿಲ್ಲ. ಎರಡು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. ಕೊನೆಯ ಸಾಲು ಮುಗಿದ ಮೇಲೂ ಅವರು ಬೆರಳು ತೆಗೆಯಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ ಬಹಳ ಮೆಲ್ಲಗೆ, ‘ಮೇಡಂ, ಇದನ್ನ ನಂಗೆ ಯಾರೂ ಹೇಳಿರಲಿಲ್ಲ’ ಎಂದರು.