ಸೇಡಂನಿಂದ ಬಂದ ಫೋನು

ಕೊರೋನಾ ಮುಗಿದ ಎರಡನೇ ಬೇಸಿಗೆಯಲ್ಲಿ ನಾನು ಒಂದು ಮೀನು ಸಾಕಣೆ ಯೋಜನೆಯ ಕ್ಷೇತ್ರಾಧಿಕಾರಿಯಾಗಿ ಶಹಾಬಾದದಲ್ಲಿದ್ದೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ಕೆರೆಗಳೂ ನನ್ನ ಪಾಲಿಗಿದ್ದವು. ಆದರೆ ನಾನು ಹೇಳಬೇಕಾದದ್ದು ಭಂಕೂರಿನ ಹತ್ತಿರದ ಒಂದು ಹಳೆಯ ಕಲ್ಲಿನ ಗಣಿಯ ಬಗ್ಗೆ. ಕಲ್ಲು ತೆಗೆಯುವುದು ನಿಂತ ಮೇಲೆ ಮಳೆನೀರು ತುಂಬಿ ಅದು ನಲವತ್ತು ಅಡಿ ಆಳದ ಹೊಂಡವಾಗಿತ್ತು. ಮೂರು ಕಡೆ ಗೋಡೆಯಂತೆ ನೆಟ್ಟಗೆ ಕೊರೆದ ಕಲ್ಲು. ಹಿಂದೆ ಲಾರಿ ಇಳಿಯುತ್ತಿದ್ದ ಇಳಿಜಾರೊಂದೇ ದಾರಿ.

ಅದೇ ಗಣಿಯಲ್ಲಿ ಕಲ್ಲು ಒಡೆದಿದ್ದ ಮಹಿಬೂಬ್‌ಸಾಬ್ ಮತ್ತು ಹಣಮಂತ ಈಗ ಅಲ್ಲಿ ಕಾಟ್ಲಾ ಮೀನು ಸಾಕುತ್ತಿದ್ದರು. ದೋಣಿ ಇರಲಿಲ್ಲ. ಲಾರಿಯ ದೊಡ್ಡ ಟ್ಯೂಬಿಗೆ ಗಾಳಿ ತುಂಬಿ, ಮೇಲೆ ಹಲಗೆ ಕಟ್ಟಿಕೊಂಡು ಕೂರುತ್ತಿದ್ದರು. ಲಂಗರಿಗೆ ಹಗ್ಗ ಬಿಗಿದ ಒಂದು ಪರಸಿ ಕಲ್ಲು, ನೆಲಕ್ಕೆ ಹಾಸುವ ಚಪ್ಪಡಿ. ಟ್ಯೂಬ್ ಹತ್ತುವ ಮೊದಲು ಚಾಕು, ಕುಡಗೋಲು, ಕಡೆಗೆ ಕೀಲಿಗೊಂಚಲು ಕೂಡ ದಂಡೆಯಲ್ಲಿಡುವುದು ಅವರು ಎಂದೂ ಮುರಿಯದ ನಿಯಮ. ರಬ್ಬರಿಗೆ ಮೊನೆ ತಗುಲಿದರೆ ಕತೆ ಮುಗಿದಂತೆ.

ಮೀನು ಸಿಗುವುದು ಬಲೆಗಿಂತ ಹೆಚ್ಚಾಗಿ ಆಕಾಶದ ಕೈಯಲ್ಲಿದೆ. ಬಿಸಿಲು ಚುರುಕಾಗಿದ್ದರೆ ಕಾಟ್ಲಾ ಆಳಕ್ಕೆ ಹೋಗುತ್ತದೆ. ಎರಡು ಮೂರು ದಿನ ಮೋಡ ಕವಿದು ಗಾಳಿ ನಿಂತರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಮೀನು ಉಸಿರಿಗಾಗಿ ಮೇಲೆ ಬಂದು ಬಾಯಿ ತೆರೆಯುತ್ತದೆ. ಆಗ ಬಲೆ ಬಿಟ್ಟರೆ ಸಾಕು.

ಮೇ ತಿಂಗಳ ಆ ಮಧ್ಯಾಹ್ನ ಹಾಗೆಯೇ ಇತ್ತು. ನನ್ನ ಮೀಟರ್ ಲೀಟರಿಗೆ ಎರಡು ಮಿಲಿಗ್ರಾಂ ಆಮ್ಲಜನಕ ತೋರಿಸಿತು. ಐದಾದರೂ ಇರಬೇಕು.

“ಚಾಚಾ, ನೋಡ್ರಿ, ಲಗ್ನದ ಊಟಕ್ಕ ಬಂದವರಂಗ ಬಾಯಿ ತಗದು ನಿಂತಾವ,” ಎಂದು ಹಣಮಂತ ನಕ್ಕ.

“ನಿನಗ ಮೂರು ಹೊತ್ತೂ ಊಟದ್ದೇ ಧ್ಯಾಸ. ಬಲಿ ಬಿಡಿಸು ಮೊದಲ,” ಎಂದ ಮಹಿಬೂಬ್‌ಸಾಬ್ ನನ್ನ ಕಡೆ ತಿರುಗಿದರು. “ಮೇಡಂ, ಗಾಳಿ ಬರೋ ಸುದ್ದಿ ಏನರ ಅದರಿ?”

ಇತ್ತು. ಮೂರು ಗಂಟೆಗೆ ಸೇಡಂನ ನಮ್ಮ ಸಹೋದ್ಯೋಗಿ ಫೋನ್ ಮಾಡಿ, ಅಲ್ಲಿ ಬಿರುಗಾಳಿ, ಆಲಿಕಲ್ಲು ಎಂದಿದ್ದರು. ಇಲ್ಲಿಗೆ ಬರಲು ಎರಡು ತಾಸಾದರೂ ಬೇಕು ಎಂದು ನಾನು ಅಂದಾಜು ಮಾಡಿದ್ದೆ. ಹೇಳಿದರೆ ಇವರು ನೀರಿಗಿಳಿಯುವುದಿಲ್ಲ. ಗಾಳಿಗೆ ತಳದ ಆಮ್ಲಜನಕವಿಲ್ಲದ ಕೆಟ್ಟ ನೀರು ಮೇಲೆದ್ದರೆ ಬೆಳಗಾಗುವುದರೊಳಗೆ ಎಲ್ಲ ಮೀನು ಸತ್ತು ತೇಲುತ್ತವೆ.

“ಸಂಜಿ ಮುಂದ ಬರಬಹುದು. ಅಷ್ಟರೊಳಗ ಹಿಡಿದುಬಿಡ್ರಿ,” ಎಂದೆ. ಸೇಡಂನ ಮಾತು ಎತ್ತಲಿಲ್ಲ.

ಇಬ್ಬರೂ ತಮ್ಮ ಚಾಕುಗಳನ್ನು ನನ್ನ ಕಾಲ ಬಳಿ ಕಲ್ಲಿನ ಮೇಲಿಟ್ಟು, ಒಂದೇ ಟ್ಯೂಬ್ ಹತ್ತಿ ಹೋದರು.

ಮುಕ್ಕಾಲು ತಾಸೂ ಆಗಿರಲಿಲ್ಲ, ಚಿತ್ತಾಪುರದ ಕಡೆಯ ಆಕಾಶ ಕೆಂಪು ಧೂಳಾಯಿತು. ಹೊಂಡದೊಳಗೆ ಗಾಳಿ ಒಂದೇ ದಿಕ್ಕಿನಿಂದ ಬರುವುದಿಲ್ಲ. ಗೋಡೆಗೆ ಬಡಿದು, ಕೆಳಗಿಳಿದು ಸುತ್ತುತ್ತದೆ. ಟ್ಯೂಬ್ ಗಿರಗಿರನೆ ತಿರುಗಿತು. ಗಾಳಿಯ ಜೊತೆ ತೇಲಿ ಹೋಗಿದ್ದರೆ ಉಳಿಯುತ್ತಿತ್ತು. ಲಂಗರಿನ ಕಲ್ಲು ಬಿಡಲಿಲ್ಲ. ಹಗ್ಗ ಬಿಗಿದು, ಗಂಟು ಇದ್ದ ಅಂಚೇ ನೀರೊಳಗೆ ಹೋಯಿತು.

“ಹಗ್ಗ ಕೊಯ್ಯೋ ಹಣಮಂತಾ!”

“ಯಾತರ್ಲೆ ಕೊಯ್ಲಿ ಚಾಚಾ?”

ನಾನು ಚಾಕು ಎತ್ತಿಕೊಂಡೆ. ಅವರಿಗೂ ನನಗೂ ನಡುವೆ ಅರವತ್ತು ಅಡಿ ದೂರದ ನೀರು. ಎಸೆದೆ. ಅರ್ಧ ದೂರವೂ ಹೋಗದೆ ಮುಳುಗಿತು. ಮುಂದಿನ ಹೊಡೆತಕ್ಕೆ ಟ್ಯೂಬ್ ಮಗುಚಿತು. ಮಹಿಬೂಬ್‌ಸಾಬ್ ಈಜಿ ಬಂದು, ನಾನು ನೀರಿಗೆ ಬಿಟ್ಟ ಮೀಟರಿನ ಉದ್ದನೆಯ ಕೇಬಲ್ ಹಿಡಿದು ಇಳಿಜಾರು ಹತ್ತಿದರು. ಹಣಮಂತನ ಕಾಲಿಗೆ ಬಲೆ ಸುತ್ತಿಕೊಂಡಿತ್ತು. ಅವನ ಕೈ ಎರಡು ಸಲ ಕಂಡಿತು. ಆಮೇಲೆ ಆಲಿಕಲ್ಲು ಬೀಳುತ್ತಿದ್ದ ನೀರು ಅಷ್ಟೇ.

ಮರುದಿನ ಬೆಳಿಗ್ಗೆ ಅವನನ್ನು ಮೇಲೆತ್ತಿದರು. ಜನ ಚದುರಿದ ಮೇಲೆ, ಯಾಕೆಂದು ಗೊತ್ತಿಲ್ಲ, ನಾನು ಮೀಟರ್ ಇಳಿಸಿದೆ. ಐದೂವರೆ ತೋರಿಸಿತು. ತಳದ ಕೆಟ್ಟ ನೀರು ಏಳಲೇ ಇಲ್ಲ. ಗಾಳಿ ಮಳೆಗಳು ಮೇಲಿನ ನೀರಿಗೆ ಆಮ್ಲಜನಕ ತುಂಬಿದ್ದವು. ಒಂದು ಮೀನೂ ಸತ್ತಿರಲಿಲ್ಲ.

ಮೂರನೇ ದಿನ ಮಹಿಬೂಬ್‌ಸಾಬರ ಮನೆಗೆ ಹೋಗಿ ಫೋನಿನ ವಿಷಯ ಹೇಳಿದೆ. ಅವರು ಎದ್ದು ನಿಂತು ಕೇಳಿದರು.

“ಹಣಮಂತನ ಅವ್ವಗ ಹೇಳೀರೇನ್ರಿ?”

“ಇಲ್ಲ.”

“ನಡೀರಿ. ನಾನೂ ಬರ್ತೀನಿ.”

ಹೋಗಿ ಹೇಳಿದೆ. ಆ ತಾಯಿ ಅಂದದ್ದನ್ನು ಇಲ್ಲಿ ಬರೆಯಲಾರೆ.

ಈಗ ಟ್ಯೂಬ್ ಹತ್ತುವವರ ಕೊರಳಲ್ಲಿ ಚಾಕು ಇರುತ್ತದೆ, ಸೈಕಲ್ ಟ್ಯೂಬಿನಿಂದ ಹೊಲಿದ ಒರೆಯಲ್ಲಿ. ಆದರೂ ಗಾಳಿ ಎದ್ದರೆ ನನ್ನ ಕೈ ತಾನಾಗಿ ಚಾಕುವಿಗಾಗಿ ಕಾಲ ಬಳಿಯ ಕಲ್ಲನ್ನು ತಡಕುತ್ತದೆ. ಮೀನು ಚೆನ್ನಾಗಿ ಸಿಗುವ ಹವೆಯೇ ಹಿಡಿಯುವವನಿಗೆ ಕೆಟ್ಟ ಹವೆ. ಅದನ್ನು ತೂಗಿ ನೋಡಬೇಕಾದವರು ನೀರಿಗಿಳಿಯುವವರು, ದಂಡೆಯಲ್ಲಿ ನಿಂತ ನಾನಲ್ಲ. ನನಗೆ ತಿಳಿದಷ್ಟನ್ನೂ ಅವರ ಮುಂದಿಡುವುದು ಮಾತ್ರ ನನ್ನ ಕೆಲಸ.

ಮಹಿಬೂಬ್‌ಸಾಬ್ ಬಲೆ ಹೆಗಲಿಗೆ ಹಾಕುವ ಮುಂಚೆ ಇವತ್ತಿಗೂ ಕೇಳುತ್ತಾರೆ: “ಸೇಡಂದಿಂದ ಫೋನ್ ಬಂದದೇನ್ರಿ ಮೇಡಂ?” ಒಂದು ಮೋಡವೂ ಇಲ್ಲದ, ಕಲ್ಲು ಸುಡುವ ದಿನವೂ ಕೇಳುತ್ತಾರೆ. ನಾನು ಬಂದ ಕರೆಗಳ ಪಟ್ಟಿ ತೆರೆಯುತ್ತೇನೆ. ಫೋನನ್ನೇ ಅವರ ಕೈಗೆ ಕೊಡುತ್ತೇನೆ.