ಗೋಡೆಮಾತಿನಲ್ಲಿ ಚಾಮುಂಡಮ್ಮನ ಹೆಸರು

ಹನಗೋಡಿನಿಂದ ಎರಡು ಮೈಲಿ ಆಚೆ, ಹೊಗೆಸೊಪ್ಪಿನ ಹೊಲಗಳ ನಡುವೆ ಒಂದು ಸರ್ಕಾರಿ ಪ್ರೌಢಶಾಲೆಯಿದೆ. ಅಲ್ಲಿ ಬಿಸಿಯೂಟದ ಅಡುಗೆ ಚಾಮುಂಡಮ್ಮನದು. ಹದಿನೇಳು ವರ್ಷದಿಂದ ಅವಳದೇ ಕೈ. ಬೆಳಿಗ್ಗೆ ಹಾಜರಿ ಎಷ್ಟೆಂದು ಹೇಳಿದರೆ ಸಾಕು, ಎಷ್ಟು ಅಕ್ಕಿ, ಎಷ್ಟು ಬೇಳೆ ಅನ್ನುವುದು ಅವಳಿಗೆ ಕಣ್ಣಳತೆಯಲ್ಲೇ ಗೊತ್ತು. ಈ ಹದಿನೇಳು ವರ್ಷದಲ್ಲಿ ಐವರು ಹೆಡ್‌ಮಾಸ್ತರು ಬಂದು ಹೋದರು. ಅವರಲ್ಲಿ ಒಬ್ಬರಿಗೂ ಗೊತ್ತಾಗದ ಸಂಗತಿ ಒಂದಿತ್ತು. ಚಾಮುಂಡಮ್ಮನಿಗೆ ಓದಲು ಬರುತ್ತಿರಲಿಲ್ಲ.

ಅವಳು ಹಂಪಾಪುರದ ಕಡೆಯ ಹಳ್ಳಿಯವಳು. ಎರಡನೇ ಕ್ಲಾಸಿನಲ್ಲಿದ್ದಾಗ ತಮ್ಮ ಹುಟ್ಟಿದ. ಅವನನ್ನು ಎತ್ತಿ ಆಡಿಸಲು ಮನೆಯಲ್ಲಿ ಉಳಿದವಳು ಮತ್ತೆ ಶಾಲೆಯ ಕಡೆ ಮುಖ ಹಾಕಲಿಲ್ಲ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಮಹಿಳಾ ಸಂಘದವರು ರುಜು ಹಾಕುವುದನ್ನು ಕಲಿಸಿದರು. ಚಾ, ಮುಂ, ಡ, ಮ್ಮ. ನಾಲ್ಕೇ ಅಕ್ಷರ, ಆದರೆ ಮುದ್ದಾಗಿ ಬರೆಯುತ್ತಿದ್ದಳು. ಅಡುಗೆ ಕೆಲಸಕ್ಕೆ ಸೇರಿದ ದಿನ, "ಎಷ್ಟನೇ ಕ್ಲಾಸಮ್ಮಾ?" ಎಂದು ಹೆಡ್‌ಮಾಸ್ತರು ಕೇಳಿದಾಗ ಅವಳು ಬಾಯಿ ತೆರೆಯುವ ಮೊದಲೇ ಗಂಡ ಚಲುವಯ್ಯ "ಏಳ್ನೇ ಕ್ಲಾಸು ಸಾ" ಎಂದುಬಿಟ್ಟ. ಅಲ್ಲಿಂದಾಚೆಗೆ ಆ ಸುಳ್ಳನ್ನು ಸಾಕಿಕೊಂಡು ಬರುವುದು ಅವಳ ಪಾಲಿಗೆ ಬಿತ್ತು. ಸುತ್ತೋಲೆ ಕೈಗೆ ಬಂದರೆ, "ಅಯ್ಯೋ, ಕನ್ನಡಕ ಮನೇಲೇ ಬುಟ್ ಬಂದೀನಿ, ನೀವೇ ಓದ್ಬುಡಿ ಸಾ" ಅನ್ನುತ್ತಿದ್ದಳು. ಕಣ್ಣಿನ ಶಿಬಿರದಲ್ಲಿ ಕೊಟ್ಟ ಕನ್ನಡಕ ಮನೆಯಲ್ಲಿ ನಿಜವಾಗಿಯೂ ಇತ್ತು. ಅದನ್ನು ಅವಳು ಒಂದು ದಿನವೂ ಶಾಲೆಗೆ ತಂದವಳಲ್ಲ.

ಕಳೆದ ವರ್ಷ ಕನ್ನಡದ ಮೇಷ್ಟ್ರು ಶಶಿಕುಮಾರ್ ವರ್ಗವಾಗಿ ಬಂದು ಮಕ್ಕಳದೊಂದು ಓದುಗರ ಸಂಘ ಕಟ್ಟಿದರು. ಸಂಘದ ಮಕ್ಕಳೇ ತಿಂಗಳಿಗೊಮ್ಮೆ ದೊಡ್ಡ ಹಾಳೆಯ ಮೇಲೆ ಕೈಬರಹದ ಪತ್ರಿಕೆ ಬರೆದು ಹಜಾರದ ಗೋಡೆಗೆ ಅಂಟಿಸುತ್ತಿದ್ದರು. ಹೆಸರು 'ಗೋಡೆಮಾತು'. ಚಿತ್ರಗಳು ಚೆನ್ನಾಗಿರುತ್ತಿದ್ದವು. ಚಾಮುಂಡಮ್ಮ ನೀರಿನ ಕೊಡ ಹೊತ್ತು ಹೋಗುವಾಗ ನಿಂತು ನೋಡಿ ಮುಂದೆ ಹೋಗುತ್ತಿದ್ದಳು.

ಆಗಸ್ಟ್ ತಿಂಗಳ ಒಂದು ಸೋಮವಾರ. ಹೊಸ ಗೋಡೆಮಾತಿನ ಮುಂದೆ ಮಕ್ಕಳು ಗುಂಪುಗೂಡಿದ್ದರು. ಅವಳು ಹತ್ತಿರ ಬಂದದ್ದೇ ತಡ, ಮಾತು ನಿಂತುಹೋಯಿತು. ಹುಡುಗಿಯರು ಒಬ್ಬರನ್ನೊಬ್ಬರು ತಿವಿದುಕೊಂಡು ಚದುರಿದರು. ಚಾಮುಂಡಮ್ಮ ತಲೆ ಎತ್ತಿದಳು. ನಡುಮಧ್ಯೆ, ಕೆಂಪು ಶಾಯಿಯಲ್ಲಿ, ದಪ್ಪಗೆ, ಅವಳಿಗೆ ಗೊತ್ತಿದ್ದ ಆ ನಾಲ್ಕು ಅಕ್ಷರ. ಅದರ ಮುಂದೆ ಇನ್ನೇನೋ, ಕೆಳಗೆ ಮೊಳದುದ್ದ ಬರಹ.

ತನ್ನ ತಪ್ಪನ್ನೇ ಬರೆದು ಹಾಕಿದ್ದಾರೆ ಎಂದುಕೊಂಡಳು. ಯಾಕೆಂದರೆ ಹಿಂದಿನ ವಾರ ಅವಳು ಎರಡು ಮೊಟ್ಟೆ ಮನೆಗೆ ಒಯ್ದಿದ್ದಳು. ಶಾಲೆಗೆ ಬಾರದ ಮಕ್ಕಳ ಪಾಲಿನವು, ಬೇಯಿಸಿ ಉಳಿದಿದ್ದವು. ಸೊಸೆಗೆ ಏಳು ತಿಂಗಳು. ಎತ್ತಿಕೊಳ್ಳುವಾಗ ತಪ್ಪೆಂದು ಅನ್ನಿಸಿರಲಿಲ್ಲ, ಸೆರಗಿನಲ್ಲಿ ಮುಚ್ಚಿಕೊಂಡಾಗ ಅನ್ನಿಸಿತ್ತು.

ಯಾರನ್ನು ಕೇಳುವುದು? ಸಹಾಯಕಿ ರೂಪಶ್ರೀ ಹತ್ತನೆಯವರೆಗೆ ಓದಿದವಳು, ಆದರೆ ಚಾಮುಂಡಮ್ಮನ ಬೀದಿಯವಳೇ. ಅವಳನ್ನು ಕೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಹೆಡ್‌ಮಾಸ್ತರು ಶಿವನಂಜಪ್ಪ ಊಟದ ಹೊತ್ತಿಗೆ ಅಡುಗೆಮನೆಯ ಬಾಗಿಲಿಗೇ ಬಂದರು.

"ಏನ್ ಚಾಮುಂಡಮ್ಮಾ, ಗೋಡೆಮಾತು ಓದಿದ್ರಾ?"

"ಓದ್ದೆ ಸಾ."

"ಏನಂತೀರಿ ಮತ್ತೆ?"

"ಏನನ್ನೋದು ಸಾ, ಬರ್ದವ್ರು ಬರ್ದವ್ರೆ."

ಅವರು ನಕ್ಕರು. ಆ ನಗು ಎಂಥದೆಂದು ಅವಳಿಗೆ ಬಗೆಹರಿಯಲಿಲ್ಲ. ಅಂದು ಅವಳ ತಟ್ಟೆಯ ಅನ್ನ ಹಾಗೇ ಉಳಿಯಿತು. ಮನೆಗೆ ಹೋದ ಮೇಲೆ ಚಲುವಯ್ಯನಿಗೂ ಹೇಳಲಿಲ್ಲ.

ಮಂಗಳವಾರ ಊಟ ಮುಗಿದು, ಅವಳು ಒಬ್ಬಳೇ ಸಾರಿನ ಹಂಡೆ ತಿಕ್ಕುತ್ತಿದ್ದಾಗ ಒಂಬತ್ತನೇ ಕ್ಲಾಸಿನ ಸುಮಿತ್ರಾ ಬಂದು ನಿಂತಳು. ಕಾಡಂಚಿನ ಗಿರಿಜನರ ಹಾಡಿಯ ಹುಡುಗಿ, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮಾತು ಕಡಿಮೆ. ಗೋಡೆಮಾತಿನ ಸಂಪಾದಕಿ ಅವಳೇ. ಕೈಯಲ್ಲಿ ಒಂದು ಬಿಳಿ ಹಾಳೆ, ಪೆನ್ನು.

"ಅಮ್ಮಾ, ನೀವು ಉತ್ತರ ಬರ್ಕೊಡ್ಬೇಕು. ಯಾರ ಬಗ್ಗೆ ಬರೀತೀವೋ ಅವರ ಮಾತೂ ಹಾಕ್ಬೇಕು ಅಂತ ಮೇಷ್ಟ್ರು ಹೇಳವ್ರೆ."

ಚಾಮುಂಡಮ್ಮ ಹಾಳೆಯನ್ನು ನೋಡಿದಳು. ಕನ್ನಡಕದ ಮಾತು ನಾಲಿಗೆಯ ತುದಿಯವರೆಗೆ ಬಂತು. ಆದರೆ ಹಿಂದಿನ ರಾತ್ರಿ ನಿದ್ದೆಯಿಲ್ಲದೆ ಹೊರಳಿದ ದೇಹಕ್ಕೆ ಇನ್ನೊಂದು ಸುಳ್ಳು ಹೊರುವ ಶಕ್ತಿ ಇರಲಿಲ್ಲ. ಕೈ ತೊಳೆದು ಕಟ್ಟೆಯ ಮೇಲೆ ಕೂತಳು.

"ಎರಡೇ ಕಣವ್ವ ನಾನ್ ತಕೊಂಡೋಗಿದ್ದು. ಸೊಸೆ ಬಸ್ರಿ. ಮಿಕ್ಕಿದ್ವು ಅಂತ ತಕೊಂಡೋದೆ. ನಾಳೆ ನಮ್ಮನೆ ಕೋಳಿದು ತಂದ್ ಆಕ್ಬುಡ್ತೀನಿ."

ಸುಮಿತ್ರಾ ಕಣ್ಣು ಬಿಟ್ಟು ನೋಡಿದಳು. "ಏನ್ ತಕೊಂಡೋದ್ರಿ ಅಮ್ಮ?"

"ಮೊಟ್ಟೆ. ನೀ ಬರ್ದಿರೋದು ಅದೇ ಅಲ್ವಾ?"

"ಮೊಟ್ಟೆ ವಿಷಯ ನಂಗೆ ಗೊತ್ತೇ ಇಲ್ಲ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು. ಹುಡುಗಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕೇಳಿದಳು: "ನೀವು ಓದ್ಲೇ ಇಲ್ವಾ ಅಮ್ಮ?"

"ನಂಗೆ ಓದಕ್ ಬರಕಿಲ್ಲ ಕಣವ್ವ."

ಮಾತು ಹೊರಗೆ ಬಿತ್ತು. ಚಾಮುಂಡಮ್ಮ ಏನೋ ಆಗುತ್ತದೆಂದು ಕಾದಳು. ಏನೂ ಆಗಲಿಲ್ಲ. ಸುಮಿತ್ರಾ ನಗು ನಿಲ್ಲಿಸಿ, "ನಮ್ಮವ್ವಂಗೂ ಬರಲ್ಲ. ನಾನೇ ಓದ್ತೀನಿ, ಬನ್ನಿ" ಎಂದು ಅವಳ ಕೈ ಹಿಡಿದು ಹಜಾರಕ್ಕೆ ಕರೆದುಕೊಂಡು ಹೋದಳು.

ಮೇಲೆ ಬರೆದದ್ದು 'ಚಾಮುಂಡಮ್ಮನವರಿಗೆ ಒಂದು ಪ್ರಶ್ನೆ'. ಸುಮಿತ್ರಾ ಮೆಲ್ಲಗೆ ಓದಿದಳು. "ನಿಮ್ಮ ಸಾರು ನಮಗೆ ಇಷ್ಟ. ಆದರೆ ದಿನಾ ಹುಡುಗರಿಗೇ ಮೊದಲು ಬಡಿಸುತ್ತೀರಿ. ಅವರು 'ಅಡಿಯಿಂದ ತೆಗೆದು ಹಾಕಿ' ಅನ್ನುತ್ತಾರೆ, ನೀವು ಹಾಕುತ್ತೀರಿ. ಹುಡುಗಿಯರ ಸಾಲು ಬರುವಷ್ಟರಲ್ಲಿ ಹೋಳು ಮುಗಿದು ನೀರು ಉಳಿದಿರುತ್ತದೆ. ಹನ್ನೆರಡು ದಿನ ಗಮನಿಸಿದೆ. ಏಳು ದಿನ ನನ್ನ ತಟ್ಟೆಗೆ ಒಂದು ಹೋಳೂ ಬೀಳಲಿಲ್ಲ. ಯಾಕೆ ಹೀಗೆ?"

"ಅಷ್ಟೇಯಾ?" ಎಂದಳು ಚಾಮುಂಡಮ್ಮ.

"ಅಷ್ಟೇ."

ಅವಳು ಗೋಡೆಗೆ ಒರಗಿ ಉಸಿರು ಬಿಟ್ಟಳು. ಎದೆಯ ಮೇಲಿದ್ದ ಬೀಸುಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟ ಹಾಗಾಯಿತು. ಆಮೇಲೆ ಸ್ವಲ್ಪ ಹೊತ್ತಿಗೆ, ಓದಿದ್ದು ಒಳಗಿಳಿದಾಗ, ಮುಖ ಸಣ್ಣದಾಯಿತು. ಹುಡುಗಿ ಬರೆದದ್ದು ನಿಜ. ಹುಡುಗರು ತಟ್ಟೆ ಬಡಿದು ಗಲಾಟೆ ಮಾಡುತ್ತಾರೆ, ಅವರದು ಮೊದಲು ಮುಗಿಸಿದರೆ ನೆಮ್ಮದಿ ಎಂದು ಮೊದಲ ದಿನ ಅಂದುಕೊಂಡದ್ದು, ಅದೇ ರೂಢಿಯಾಗಿ ನಡೆದುಬಂದಿತ್ತು. ಎಷ್ಟು ವರ್ಷದ ಹುಡುಗಿಯರು ಬರಿ ಸಾರು ಕುಡಿದು ಎದ್ದು ಹೋಗಿದ್ದರೋ!

"ಬರ್ಕೊ" ಎಂದಳು. ಸುಮಿತ್ರಾ ಅಲ್ಲೇ ನೆಲದ ಮೇಲೆ ಕೂತು ಬರೆದುಕೊಂಡಳು.

"ಮೊದ್ಲು ಇದ್ ಬರಿ. ನಾನ್ ಏಳ್ದೆ, ಸುಮಿತ್ರಾ ಬರ್ಕೊಂಡ್ಲು, ನಂಗೆ ಓದಕ್ ಬರಕಿಲ್ಲ ಅಂತ."

"ಅದ್ ಬೇಡ ಅಮ್ಮ. ಎಲ್ಲಾರ್ಗೂ ಗೊತ್ತಾಗ್ತದೆ."

"ಗೊತ್ತಾಗ್ಲಿ ಬುಡು. ಆಮೇಲೆ ಬರಿ. ನೀ ಕೇಳಿದ್ದು ಸರಿ ಅದೆ. ನಂಗೆ ಒಳೀಲಿಲ್ಲ. ನಾಳೆಯಿಂದ ಎರಡು ಸಾಲು, ಅತ್ಲಾಗೊಂದು ಸೌಟು, ಇತ್ಲಾಗೊಂದು ಸೌಟು. ಸಾರು ತಿರುವ್ಕೊಂಡೇ ಆಕ್ತೀನಿ."

ಕೆಳಗೆ ತಾನೇ ರುಜು ಹಾಕಿದಳು. ಮೊಟ್ಟೆಯ ಮಾತನ್ನು ಪತ್ರಿಕೆಗೆ ಕೊಡಲಿಲ್ಲ, ಹೆಡ್‌ಮಾಸ್ತರ ಕೋಣೆಗೆ ಹೋಗಿ ನೇರವಾಗಿ ಹೇಳಿದಳು. ಅವರು "ಇನ್ಮೇಲೆ ಮಿಕ್ಕಿದ್ರೆ ನನ್ನನ್ ಒಂದ್ ಮಾತು ಕೇಳಿ" ಎಂದರು. ಬುಧವಾರ ಅವಳು ಮನೆಯ ಎರಡು ಮೊಟ್ಟೆ ತಂದು ಶಾಲೆಯ ಮೊಟ್ಟೆಗಳ ಜೊತೆ ಬೇಯಲು ಹಾಕಿದಳು.

ಉತ್ತರ ಗೋಡೆಗೆ ಬಿದ್ದ ದಿನ ಊರೇನೂ ತಲೆಕೆಳಗಾಗಲಿಲ್ಲ. ರೂಪಶ್ರೀ ಓದಿ ಬಂದು, "ನಂಗೊಂದ್ ಮಾತು ಏಳಬಾರ್ದಿತ್ತಾ ಅಕ್ಕ?" ಎಂದು ಮುನಿಸಿಕೊಂಡಳು, ಅಷ್ಟೇ. ಶಿವನಂಜಪ್ಪ ಸುತ್ತೋಲೆ ಬಂದರೆ ತಾವೇ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿ ಹೋಗುವುದಕ್ಕೆ ಶುರುಮಾಡಿದರು.

ಸಾಲು ಎರಡಾದದ್ದು ಹುಡುಗರಿಗೆ ಮಾತ್ರ ಹಿಡಿಸಲಿಲ್ಲ. ಮೊದಲ ದಿನವೇ ಹತ್ತನೇ ಕ್ಲಾಸಿನ ಉದ್ದನೆಯ ಹುಡುಗನೊಬ್ಬ ತಟ್ಟೆ ನೋಡಿಕೊಂಡು, "ಏನಮ್ಮಾ, ಒಂದೇ ಆಲೂಗಡ್ಡೆ ಬಿದ್ದದೆ!" ಎಂದ.

"ಎಲ್ಲಾರ್ಗೂ ಒಂದೇ ಕಣ್ಲಾ ಬಿದ್ದಿರೋದು, ಉಣ್ಣೋಗು" ಎಂದು ಚಾಮುಂಡಮ್ಮ ಸೌಟನ್ನು ಹುಡುಗಿಯರ ಸಾಲಿನತ್ತ ತಿರುಗಿಸಿದಳು.